ದೇವಿ ಮುಖ ತಿರುಗಿಸಿದ ದಿನ

ದೇವರು ಮುಖ ತಿರುಗಿಸಿದ ಎಂದು ಯಾರಾದರೂ ಅಂದರೆ ನಾನು ನಂಬುತ್ತಿರಲಿಲ್ಲ. ದಿನಾ ಪೂಜೆ ಮಾಡುವವಳೇ. ಆದರೂ ಇಂಥದ್ದೆಲ್ಲ ಕೆಲಸವಿಲ್ಲದವರ ಮಾತು ಅಂದುಕೊಂಡಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಆರೇಳು ವರ್ಷದ ಹಿಂದೆ ಉಣಕಲ್ಲಿನ ನಮ್ಮ ಮನೆಯಲ್ಲಿ ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ನಸುಕಿನಿಂದ ಕೂತು ನೂರಕ್ಕೂ ಹೆಚ್ಚು ಜೋಳದ ರೊಟ್ಟಿ ಬಡಿದೆ. ಅಂಗೈ ಕೆಳಗೆ ರೊಟ್ಟಿ ಒಂದೇ ದಿಕ್ಕಿಗೆ ತಿರುಗುತ್ತಿತ್ತು, ಕಣ್ಣು ಅದರ ಮೇಲೇ ಇತ್ತು. ಮಂದಿ ಬಂದರು, ದೇವಿಗೆ ಕುಂಕುಮ ಹಚ್ಚು ಎಂದು ಅತ್ತೆ ಕೂಗಿದರು. ಪಕ್ಕದ ನೀರಿನಲ್ಲಿ ಕೈ ಅದ್ದಿ, ಅಡುಗೆಮನೆಯಲ್ಲೇ ಇರುವ ದೇವರ ಗೂಡಿನತ್ತ ತಿರುಗಿದೆ.

ಹಿತ್ತಾಳೆಯ ದೇವಿಯ ಮುಖ ಮೆಲ್ಲಗೆ ಆಚೆ ತಿರುಗಿತು. ನಾನು ಅವಳ ಹಣೆಗೆಂದೇ ಬೆರಳಿಟ್ಟೆ. ಕುಂಕುಮ ಕೆನ್ನೆಗೆ ಬಿತ್ತು.

ಅತ್ತೆ ನೋಡಿ ಏನಾಯಿತೆಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ನನಗೆ ಮಕ್ಕಳಿರಲಿಲ್ಲ. ಇಂದಿಗೂ ಇಲ್ಲ.

"ದೇವಿನ ನಿನ್ನ ಕಡಿಂದ ಮಾರಿ ತಿರುವ್ಯಾಳ," ಅತ್ತೆ ದನಿ ತಗ್ಗಿಸಿದರು. "ಇವತ್ತ ನೀ ಕೂಸಿನ್ನ ಮುಟ್ಟಬ್ಯಾಡವ್ವಾ."

"ತಿರುವಿದ್ರ ತಿರುವ್ಲಿ ಬಿಡ್ರಿ ಅತ್ಯಾರ. ಆಕಿ ಮಾರಿ ಯಾ ಕಡೆ ಐತೋ, ನಾ ಆ ಕಡೆ ಹೋಗಿ ನಿಂದರ್ತೇನ್ರಿ."

ಅವರೆದುರು ಅಷ್ಟು ಗಟ್ಟಿಯಾಗಿ ನಾನೆಂದೂ ಮಾತಾಡಿರಲಿಲ್ಲ.

ತೊಟ್ಟಿಲ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಕೂಸನ್ನು ಕೆಳಗೊಮ್ಮೆ ಮೇಲೊಮ್ಮೆ ದಾಟಿಸುವುದು ನಮ್ಮಲ್ಲಿಯ ಪದ್ಧತಿ. ನಾನು ಹೋಗಿ ಈ ಕಡೆ ನಿಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಲಗೂ ಹಿಡೀರಿ ವೈನಿ," ಆಚೆಯಿಂದ ನಾದಿನಿ ನಕ್ಕಳು. "ಕೈಗೆ ಹಿಟ್ಟ ಹತ್ತಿದ್ರೂ ನಡೀತೈತಿ, ಇವಗೇನ ತಿಳೀತೈತಿ!"

ಕೂಸು ನನ್ನ ಕೈಗೆ ಬಂತು, ಅಳಲಿಲ್ಲ. ಅದೂ ದೇವಿಯ ದಯೆ ಎಂದೇ ಎಣಿಸಿದ್ದೇನೆ.

ಆಮೇಲೆ ವಿದ್ಯಾನಗರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣು ಛಲೋ ಇವೆ ಎಂದರು. ತಿರುಗುವುದನ್ನು ಬಹಳ ಹೊತ್ತು ನೋಡಿದರೆ, ನಿಂತ ವಸ್ತುವನ್ನೂ ಮಿದುಳು ಒಂದಿಷ್ಟು ಹೊತ್ತು ಉಲ್ಟಾ ತಿರುಗಿಸಿ, ಜಾಗ ಸರಿಸಿ ತೋರಿಸುತ್ತದಂತೆ. ಇರಬಹುದು. ಆದರೆ ಆಮೇಲೂ ಎಷ್ಟೋ ಸಲ ಅಷ್ಟೇ ರೊಟ್ಟಿ ಬಡಿದು, ಬೇಕಂತಲೇ ದೇವಿಯತ್ತ ನೋಡಿದ್ದೇನೆ. ಒಮ್ಮೆಯೂ ಕದಲಲಿಲ್ಲ. ಆ ಒಂದು ದಿನವೇ ಯಾಕೆ?

ಡಾಕ್ಟರು ಹೇಳಿದ್ದು ಖರೆಯೋ, ಅತ್ತೆ ಹೇಳಿದ್ದು ಖರೆಯೋ, ನನಗಿನ್ನೂ ತಿಳಿದಿಲ್ಲ. ಅತ್ತೆಯ ಮಾತೇ ಖರೆ ಎಂದಾದರೂ, ಆ ಕೂಸಿಗೆ ಕೈ ಚಾಚಿದ್ದಕ್ಕೆ ನಾನು ಯಾರ ಮುಂದೆಯೂ ತಪ್ಪಾಯಿತು ಅನ್ನುವವಳಲ್ಲ. ದೇವಿಯ ಮುಂದೆಯೂ.