ಎರಡೂವರೆ ಗಂಟೆಯ ಕೋಲ್ಕತ್ತಾ

ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಆಮೇಲೆಯೇ ಹೆಣ ಎತ್ತುವುದು. ಆ ಸೀರೆಯನ್ನು ಮೊದಲೇ ತಂದಿಟ್ಟುಕೊಳ್ಳುವಂತಿಲ್ಲ. ಸುದ್ದಿ ಬಂದ ಮೇಲೆ ಕೊಂಡು, ಮನೆಗೆ ತಂದು, ಅಂಚಿಗೆ ಅರಿಶಿನ ಹಚ್ಚಿ ಕಳಿಸಬೇಕು. ಕೊಳತ್ತೂರಿನ ಸೋದರತ್ತೆ ತೀರಿಕೊಂಡಾಗ ಹೀಗೇ ಮಾಡಿದ್ದೆವು. ಬಸ್ಸು ಬದಲಾಯಿಸಿ ಬದಲಾಯಿಸಿ ಹೋದರೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದೆವು.

ಅಕ್ಕ ಇದ್ದದ್ದು ಕೋಲ್ಕತ್ತಾದಲ್ಲಿ. ಭಾವ ಸೇಲಂನ ಒಂದು ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಂಡಿಯ ಗೋದಾಮನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ಮದುವೆ ಮಾತಿನ ದಿನ ಅಷ್ಟು ದೂರವೇ ಎಂದು ಅಮ್ಮ ರಾಗ ಎಳೆದಿದ್ದಳು. "ಪ್ಲೇನ್‌ನಾಗೆ ಎರಡೂವರೆ ಗಂಟೆ ಕಣಮ್ಮ, ಕೊಳತ್ತೂರಿಗಿಂತ ಅತ್ರ," ಎಂದು ಭಾವನ ತಂದೆ ಬಾಯಿ ಮುಚ್ಚಿಸಿದ್ದರು. ಅಮ್ಮ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಅಕ್ಕ ಮಾತ್ರ ಬಂದಾಗಲೆಲ್ಲ ರೈಲಿನಲ್ಲೇ ಬಂದಳು, ಕೈಕಾಲು ಊದಿಸಿಕೊಂಡು.

ಒಂದು ದಿನ ಬೆಳಕು ಹರಿಯುವಾಗ ಭಾವನ ಫೋನ್ ಬಂತು. ಅಕ್ಕನಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಅಮ್ಮ ಅಳುತ್ತಲೇ ಭಾವನಿಗೆ ಹೇಳಿದಳು: "ತಮ್ಮ ಸೀರೆ ತತ್ತಾನೆ, ಅಲ್ಲೀಗಂಟ ಎತ್ತಬ್ಯಾಡಿ."

ಈಗಲೇ ಹೊರಡುತ್ತೇನೆ, ಸೀರೆ ಬೆಂಗಳೂರಲ್ಲಿ ಕೊಂಡರಾಯಿತು ಎಂದೆ.

"ಅಲ್ಲಿ ಕೊಂಡ್ರೆ ಅದು ಅಂಗಡಿ ಸೀರೆ ಕಣ್ಲಾ. ನಮ್ಮನೆ ವಾಸ್ಲು ದಾಟಿ ಓಗ್ಬೇಕು. ಎರಡೂವರೆ ಗಂಟೆ ತಾನೆ?"

ಫೋನಿನಲ್ಲಿ ವಿಮಾನದ ಹೊತ್ತು ನೋಡಿದೆ. ಅದೂ ಎರಡೂವರೆ ಗಂಟೆ ಎಂದೇ ತೋರಿಸಿತು. ನಮ್ಮೂರು ಕಂಬೈನಲ್ಲೂರಿನ ಜವಳಿ ಅಂಗಡಿಯ ಮೆಟ್ಟಿಲ ಮೇಲೆ, ಅದು ಬಾಗಿಲು ತೆಗೆಯುವವರೆಗೆ ಕೂತೆ.

ಆ ಲೆಕ್ಕ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅದು ಬರೀ ಆಕಾಶದ ಲೆಕ್ಕ. ಮುಚ್ಚಿದ ಅಂಗಡಿ, ಧರ್ಮಪುರಿಯಲ್ಲಿ ಬಸ್ಸಿಗೆ ಕಾದದ್ದು, ಹೊಸೂರಿನ ಟ್ರಾಫಿಕ್ಕು, ಬೆಂಗಳೂರನ್ನು ಪೂರಾ ದಾಟಿ ಆಚೆಗಿರುವ ಏರ್‌ಪೋರ್ಟು, ಯಾವುದೂ ಅದರಲ್ಲಿ ಸೇರಿಲ್ಲ. ನಾನು ಮುಟ್ಟಿದಾಗ ಮಧ್ಯಾಹ್ನದ ವಿಮಾನ ಹೋಗಿತ್ತು. ಇನ್ನೊಂದು ಇದ್ದದ್ದು ಸಂಜೆಗೆ. ಟಿಕೆಟ್ ತೆಗೆದು ಕೂತಿದ್ದಾಗ ಭಾವನ ಫೋನ್ ಬಂತು.

"ಮನೆ ಓನರ್ ಎಣ ಇಟ್ಕಬ್ಯಾಡಿ ಅಂತವ್ನೆ ಮಚ್ಚಾ. ಸುಡೋದಕ್ಕೂ ಟೈಮ್ ಕೊಟ್ಬುಟ್ಟವ್ರೆ. ಪಕ್ಕದ್ಮನೆಯೋರು ಯಾವ್ದೋ ಸೀರೆ ತಂದು ಮುಚ್ಚವ್ರೆ. ನಾನೇನು ಮಾಡ್ಲಿ?"

ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಸುಮ್ಮನೆ ವಿಮಾನ ಹತ್ತಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಅದು ಕೋಲ್ಕತ್ತಾದಲ್ಲಿ ಇಳಿಯಿತು. ಸ್ವಲ್ಪ ತಡವಾಗಿದ್ದರೂ ಬೈಯಲು ಯಾರಾದರೂ ಸಿಗುತ್ತಿದ್ದರು.

ಹೊರಗೆ ಬರುವಷ್ಟರಲ್ಲಿ ಅಮ್ಮನ ಫೋನ್. "ಸೀರೆ ಆಕಿದ್ಯಾ?"

ನಡೆದದ್ದನ್ನು ಹೇಳಿದೆ.

"ಅಂಗಾರೆ ನನ್ ಮಗ್ಳು ತವರಿಲ್ದೋಳಂಗೆ ಓದ್ಲಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಊಂ ಕಣಮ್ಮ," ಎಂದೆ.