ಮಂಗಳನ ಬಾಗಿಲಲ್ಲಿ ನಿಂತಿದ್ದ ಗೌರಕ್ಕ

ಕರೆಂಟು ಹೋಗಬಹುದಿತ್ತು. ಹಳೆಯ ಕಾಗದ ಸ್ಕ್ಯಾನರಿನ ಗಾಜಿನ ಮೇಲೆಯೇ ಹಪ್ಪಳದಂತೆ ಮುರಿಯಬಹುದಿತ್ತು. ಮುಖಪುಟದ ಕೆಂಪು ಗ್ರಹ ಗುಲಾಬಿ ಬಣ್ಣಕ್ಕೆ ತಿರುಗಬಹುದಿತ್ತು. ಬೈಂಡಿಂಗಿನಲ್ಲಿ ಪುಟ ಹನ್ನೆರಡು ಇಪ್ಪತ್ತೊಂದರ ಜಾಗದಲ್ಲಿ ಕೂರಬಹುದಿತ್ತು. ಮುಖ್ಯ ಅತಿಥಿ ಪುಸ್ತಕ ಓದದೆ ಬಂದು ಎರಡು ಗಂಟೆ ಮಾತಾಡಬಹುದಿತ್ತು. ಓದಿಕೊಂಡು ಬಂದರೆ ಇನ್ನೂ ಹೆಚ್ಚು. ಇಂಥ ನಲವತ್ತೊಂದು ಅಪಾಯಗಳನ್ನು ನಾನು ಡೈರಿಯಲ್ಲಿ ನಂಬರು ಹಾಕಿ ಬರೆದುಕೊಂಡಿದ್ದೆ.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಚಳ್ಳಕೆರೆಯ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಪುಟ ವಿನ್ಯಾಸ ಮಾಡುವವನು. ಮದುವೆಯ ಕಾರ್ಡಿನಲ್ಲಿ ವರನ ಹೆಸರು ತಪ್ಪಾದೀತೆಂದು ಮದುವೆ ಮುಗಿದ ಮೇಲೂ ಪ್ರೂಫ್ ನೋಡುವ ಪೈಕಿ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಲ್ಲಿ ಒಂದು ವಾರಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ‘ಆಕಾಶಲಾಳಿ’ ಎಂಬ ಚಿತ್ರಕಥೆ, ವಾರಕ್ಕೆ ಒಂದೇ ಸಾಲು, ನಾಲ್ಕು ಚೌಕ. ಮಗ್ಗದ ಲಾಳಿಯ ಆಕಾರದ ಗಗನನೌಕೆಯಲ್ಲಿ ಗೌರಕ್ಕ ಎಂಬ ನೇಕಾರ ಹೆಂಗಸು ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಿಂದ ಹಾರಿ ಮಂಗಳಗ್ರಹಕ್ಕೆ ಹೋಗುತ್ತಾಳೆ. ಮೂವತ್ತೆಂಟನೇ ವಾರ ಆಕೆ ಅಲ್ಲಿಯ ಒಂದು ಕಲ್ಲಿನ ಬಾಗಿಲ ಮುಂದೆ ನಿಂತಳು. ಮೂವತ್ತೊಂಬತ್ತನೇ ವಾರ ಪತ್ರಿಕೆಯೇ ನಿಂತುಹೋಯಿತು. ಚಿಂತೆ ಮಾಡುವುದರಲ್ಲಿ ನನ್ನ ವೃತ್ತಿಜೀವನ ಶುರುವಾದದ್ದು ಆ ವಾರದಿಂದ.

ಕೊಂಡ್ಲಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಮೂವತ್ತೆಂಟೂ ಕಂತುಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದಾರೆಂದು ತಿಳಿದಾಗ, ಪುಸ್ತಕ ಮಾಡೋಣವೆಂದು ನಮ್ಮ ಮಾಲೀಕರ ಬೆನ್ನು ಬಿದ್ದೆ. ಅವರು ಒಪ್ಪಿಬಿಟ್ಟರು. ಒಪ್ಪದಿದ್ದರೆ ಏನು ಮಾಡುವುದೆಂದು ಯೋಚಿಸಿದ್ದೆ, ಒಪ್ಪಿದರೆ ಏನೆಂದು ಯೋಚಿಸಿರಲಿಲ್ಲ.

ಚಿತ್ರ ಬರೆದವರು ಮೊಳಕಾಲ್ಮೂರಿನ ಸೂರಪ್ಪನವರು. ರೇಷ್ಮೆ ಸೀರೆಯ ಅಂಚು ಸೆರಗುಗಳಿಗೆ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆಯುವುದು ಅವರ ಕಸುಬು. ಮಾತಿನ ಗುಳ್ಳೆಗಳಿಗೆ ಕನ್ನಡ ತುಂಬುತ್ತಿದ್ದದ್ದು ಪತ್ರಿಕೆಯ ಸಂಪಾದಕರು, ಅವರು ಈಗಿಲ್ಲ. ನಾನು ಹೋದಾಗ ಸೂರಪ್ಪನವರಿಗೆ ಎಂಬತ್ತೊಂದು, ಕಣ್ಣಿಗೆ ಬೆಳಕಿನ ಹೊರತು ಹೆಚ್ಚೇನೂ ಕಾಣುತ್ತಿರಲಿಲ್ಲ.

“ಈಗ ಆ ಕಾವಲ್‌ನಾಗೆ ನಿಜವಾಗ್ಲೂ ರಾಕೆಟ್ ಸೈಂಟಿಸ್ಟ್‌ಗಳು ಬಂದವ್ರಲ್ಲ, ನಿಮಗೆ ಆಗ್ಲೇ ಹೆಂಗೆ ಗೊತ್ತಾಯ್ತು?” ಎಂದೆ.

“ಏನ್ ಗೊತ್ತು? ನಾನು ಕಂಡಿದ್ ಬಯಲು ಅದೊಂದೇ ಕಣಪ್ಪ,” ಎಂದರು. ಆಮೇಲೆ ಟ್ರಂಕಿನಿಂದ ಒಂದು ಹಾಳೆ ತೆಗೆಸಿದರು. “ಕೊನೇ ಕಂತು. ಪತ್ರಿಕೆಯೋರು ಡ್ರಾಯಿಂಗ್ ಶೀಟ್ ಕಳ್ಸೋದು ನಿಲ್ಸಿದ್ರು, ನಮ್ ಗ್ರಾಫ್ ಮೇಲೇ ಬರ್ದಿಟ್ಟೆ. ಅವಳು ಮನೆ ಸೇರ್ಬೇಕು, ಅಷ್ಟೇ ನಂಗೆ. ಅಲ್ಲೇ ನಿಲ್ಸಿ ಹೋದ್ರೆ ನಿದ್ದೆ ಬರಲ್ಲ.”

ಒಂದರ ಮೇಲೊಂದು ಆರು ಚೌಕ, ಗುಳ್ಳೆಗಳೆಲ್ಲ ಖಾಲಿ. ಮೇಲಿನ ಚೌಕದಲ್ಲಿ ಗೌರಕ್ಕ ಅಂಗಳದ ಮಗ್ಗದ ಪಕ್ಕ. ಕೆಳಗೆ ಬಂದಂತೆ ಕಾವಲು, ಮೋಡ, ನಕ್ಷತ್ರ, ಕೆಂಪು ಗ್ರಹ. ಕಟ್ಟಕಡೆಗೆ ಅದೇ ಕಲ್ಲಿನ ಬಾಗಿಲು. ಮೊದಲು ಮನೆ ಸೇರಿದಳು, ಮತ್ತೆ ಹೊರಟಳು! ಅವರು ಹೇಳಿದ್ದು ಅರ್ಧವೇ ಇರಬೇಕು, ಕಲಾವಿದರು ಹಾಗೆಯೇ, ಎಂದುಕೊಂಡೆ. ‘ಮನೆಯೆಂಬುದು ಒಂದು ತಂಗುದಾಣ ಮಾತ್ರ’ ಎಂದು ಎರಡು ಪುಟದ ಮುನ್ನುಡಿಯನ್ನೂ ಬರೆದೆ. ಬಾಗಿಲಿನ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ‘ಮುಗಿಯಿತು’ ಎಂದು ಸೇರಿಸಿದೆ.

ಅಚ್ಚಿಗೆ ಕೊಡುವ ಮುನ್ನ ತಿದ್ದಲು ತೆಗೆಯುವ ಮಾದರಿ ಪ್ರತಿಯೇ ಪ್ರೂಫ್. ಅದನ್ನು ಹಿಡಿದು ಮತ್ತೆ ಮೊಳಕಾಲ್ಮೂರಿಗೆ ಹೋದೆ. ಸೂರಪ್ಪನವರ ಹೆಂಡತಿ ಲಕ್ಷ್ಮಕ್ಕ ಒಂದೊಂದೇ ಚಿತ್ರ ನೋಡಿ ಗಂಡನಿಗೆ ಹೇಳುತ್ತಾ ಹೋದರು. ಕೊನೆಯ ಪುಟಕ್ಕೆ ಬಂದವರು ನಿಂತರು.

“ಇದೇನ್ ನಾಯನಾ, ಮನೆಗ್ ಬಂದೋಳ್ನ ವಾಪಸ್ ಓಡ್ಸಿದೀಯಲ್ಲ! ಅವಳು ನಿಂಗೇನ್ ಮಾಡಿದ್ಲು?”

“ಅದು... ಒಂಥರಾ ಆಧುನಿಕ ಅಂತ್ಯ ಅಮ್ಮಾ,” ಎಂದೆ.

“ಸುಡುಗಾಡು! ಕೆಳಗಿಂದ ನೋಡು.”

ಮಗ್ಗದಲ್ಲಿ ಮೊದಲ ಎಳೆ ಕೆಳಗೆ ಕೂರುತ್ತದೆ, ಮುಂದಿನದು ಅದರ ಮೇಲೆ. ಹಾಗಾಗಿ ನಕ್ಷೆಯ ಗ್ರಾಫನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆಯುತ್ತಾರೆ, ಮೇಲಕ್ಕೇ ಓದುತ್ತಾರೆ. ಗ್ರಾಫ್ ಸಿಕ್ಕ ಕೂಡಲೇ ಸೂರಪ್ಪನವರ ಕೈ ತನ್ನ ಅಭ್ಯಾಸಕ್ಕೆ ಹೋಗಿತ್ತು. ಮಂಗಳನ ಬಾಗಿಲಿಂದ ಹೊರಟ ಗೌರಕ್ಕ ಒಂದೊಂದೇ ಚೌಕ ಮೇಲೇರಿ ಅಂಗಳ ಮುಟ್ಟಿದ್ದಳು.

“ಸೇರಿದ್ಲಾ?” ಎಂದು ಸೂರಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದರು.

“ನಾಳೆ ಸೇರ್ತಾಳಂತೆ,” ಎಂದು ಲಕ್ಷ್ಮಕ್ಕ ನನ್ನನ್ನು ನೋಡಿದರು. “ಈ ಸಾಹೇಬ್ರು ದಾರಿ ಬಿಟ್ರೆ.”

ಚಳ್ಳಕೆರೆಗೆ ಬಂದು ಕಂಪ್ಯೂಟರಿನಲ್ಲಿ ಆರು ಚೌಕಗಳ ಕ್ರಮ ತಿರುಗಿಸಿದೆ. ಮುನ್ನುಡಿ ಹರಿದೆ. ಉಳಿದ ಪುಟಗಳನ್ನೆಲ್ಲ ನಾಲ್ಕು ಸಲ ಓದಿದೆ. ಆ ಒಂದು ಪುಟವನ್ನು ಬಿಟ್ಟೆ, ಈಗತಾನೇ ಸರಿಮಾಡಿದ್ದೇನಲ್ಲ ಎಂದು.

ಬಿಡುಗಡೆ ಸೂರಪ್ಪನವರ ಮನೆಯ ಪಡಸಾಲೆಯಲ್ಲಿ, ಬೆಳಿಗ್ಗೆ ಹತ್ತೂವರೆಗೆ. ಕರೆಂಟು ಇತ್ತು. ಗ್ರಹ ಕೆಂಪಾಗಿತ್ತು. ಅತಿಥಿ ಹನ್ನೊಂದು ನಿಮಿಷ ಮಾತಾಡಿ ಕೂತರು, ಅದೂ ಚೆನ್ನಾಗಿ. ಕೊಂಡ್ಲಹಳ್ಳಿಯ ಮೇಷ್ಟ್ರು ತಮ್ಮ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲೇ ಇದ್ದರು. ನಲವತ್ತೊಂದರಲ್ಲಿ ಒಂದೂ ನಡೆಯಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ತಪ್ಪು ನಮ್ಮ ಪಟ್ಟಿ ಓದಿಕೊಂಡು ಬರುವುದಿಲ್ಲ, ತಿದ್ದಿದ ಜಾಗದಲ್ಲೇ ಬಂದು ಕೂರುತ್ತದೆ.

ಲಕ್ಷ್ಮಕ್ಕ ಕೊನೆಯ ಪುಟ ತೆರೆದು ಗಂಡನಿಗೆ ಹೇಳತೊಡಗಿದಾಗ ನನಗೆ ಅದು ಕಂಡಿತು. ಬಾಗಿಲಿನ ಚಿತ್ರ ಮೇಲಕ್ಕೆ ಹೋಗುವಾಗ ಅದಕ್ಕೆ ಜೋಡಿಸಿದ್ದ ಅಕ್ಷರಗಳನ್ನೂ ಜೊತೆಗೆ ಕರೆದೊಯ್ದಿತ್ತು. ಐನೂರು ಪ್ರತಿಯಲ್ಲೂ ಗೌರಕ್ಕ ಮಂಗಳನ ಬಾಗಿಲಲ್ಲಿ ನಿಂತಿದ್ದಾಳೆ; ಕೆಳಗೆ ದಪ್ಪಕ್ಷರದಲ್ಲಿ ‘ಮುಗಿಯಿತು’; ಅದಾದ ಮೇಲೆ ಐದು ಚಿತ್ರ.

ಸೂರಪ್ಪನವರ ಕಿವಿಯ ಬಳಿ ಬಗ್ಗಿ ತಪ್ಪೊಪ್ಪಿಕೊಂಡೆ. ಅವರು ನಕ್ಕರು.

“ಸರಿಯಾಗೇ ಐತಲ್ಲಪ್ಪ. ಅವತ್ತು ಪತ್ರಿಕೇಲಿ ಅಲ್ಲೇ ತಾನೇ ಮುಗಿದಿದ್ದು?” ಎಂದು ಹೆಂಡತಿಯ ಕಡೆ ತಿರುಗಿದರು. “ಹೂಂ, ಆಮೇಲೆ? ಮುಂದಿನ ಚಿತ್ರ ಹೇಳು.”