ಫೋಟೋದ ಮುಂದಿನ ದೀಪ ಮತ್ತು ಕಾಕುವಿನ ರೇಡಿಯೋ

ಮೊನ್ನೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಲ್ಲಿ ಮೊಬೈಲ್ ಚಾರ್ಜರ್ ಕೊಳ್ಳುತ್ತಿದ್ದೆ. ಅಂಗಡಿಯವ ಅದನ್ನು ಪ್ಲಗ್ಗಿಗೆ ಹಾಕಿದ್ದೇ ತಡ, ಪಕ್ಕದಲ್ಲಿದ್ದ ಅವನ ರೇಡಿಯೋ ಗುಂಯ್ ಎಂದಿತು. ಅವನಿಗೆ ಅದರ ಖಬರೇ ಇಲ್ಲ. ನನಗೆ ಮಾತ್ರ ಧಾರವಾಡದ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು...

ಕಾಕು ಹ್ಯಾಮ್ ರೇಡಿಯೋದವರು; ಅಂದರೆ ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ದೂರದೂರಿನ ಹವ್ಯಾಸಿಗಳ ಜೊತೆ ರೇಡಿಯೋದಲ್ಲಿ ಮಾತಾಡುವವರು. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮಾಳಿಗೆಯ ಮೇಲೆ ಕಂಬ ನೆಟ್ಟು ತಂತಿ ಎಳೆದಿದ್ದರು. ರವಿವಾರ ಬೆಳಿಗ್ಗೆ ಲಕ್ಷದ್ವೀಪದ ಗೆಳತಿಯೊಬ್ಬರು ಸಣ್ಣ ಸೆಟ್ಟಿನಿಂದ ಇವರನ್ನು ಕರೆಯುತ್ತಿದ್ದರು; ದನಿ ಬಲು ಕ್ಷೀಣ. ಗಂಡ, ಅಂದರೆ ನಮ್ಮ ಕಾಕಾ, ತೀರಿಕೊಂಡ ಮೇಲೆ ಕಾಕುವಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು ಅವರೊಬ್ಬರೇ. ಅದೇ ಹೊತ್ತಿಗೆ ಆ ದನಿ ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿಹೋಯಿತು. "ಸಾಕು ಮಾಡ್ರಿ ವೈನಿ, ಇನ್ನ ಆ ಕಂಬಾ ಇಳಿಸಿಬಿಡ್ರಿ" ಎಂದರು ಮೈದುನ. ಕಾಕು ಅಂಥ ಮಾತಿಗೆ ಬಗ್ಗುವ ಪೈಕಿ ಅಲ್ಲ.

ಒಂದು ರವಿವಾರ ಮೈದುನರ ಎದುರಿಗೇ ಮನೆಯ ಮೇನ್ ಸ್ವಿಚ್ ಇಳಿಸಿ, ಸೆಟ್ಟನ್ನು ಬ್ಯಾಟರಿಗೆ ಜೋಡಿಸಿದರು. ನಾನೂ ಅಲ್ಲಿದ್ದೆ. ಸದ್ದು ನಿಂತಿತು! ಅಂದರೆ ಕಳ್ಳ ಮನೆಯೊಳಗೇ ಇದ್ದ. ಮೇನ್ ಮತ್ತೆ ಹಾಕಿ ಒಂದೊಂದೇ ಪ್ಲಗ್ಗು ಕಿತ್ತರು. ಫ್ರಿಜ್ಜು ಅಲ್ಲ, ಟಿವಿ ಅಲ್ಲ... ಕೊನೆಗೆ ಉಳಿದದ್ದು ಕಾಕಾನ ಫೋಟೋದ ಮುಂದೆ ಮೈದುನರೇ ತಂದಿಟ್ಟ, ಹಗಲೂ ರಾತ್ರಿ ಉರಿಯುವ ಕರೆಂಟಿನ ದೀಪ. ಅದರ ಪುಟ್ಟ ಅಡಾಪ್ಟರಿನಿಂದ ಸೋರುತ್ತಿದ್ದ ಇಷ್ಟೇ ಇಷ್ಟು ರೇಡಿಯೋ ಅಲೆ, ಸಮುದ್ರ ದಾಟಿ ಬಂದ ದನಿಯನ್ನು ನುಂಗಿ ನೀರು ಕುಡಿಯುತ್ತಿತ್ತು.

"ಅಣ್ಣನ ಮುಂದಿನ ದೀಪಾರೀ ವೈನಿ... ಆರಿಸಬಾರದು. ಜನಾ ಏನಂದಾರು?"

"ಅನ್ಲಿ. ಕಂಬಾ ನಂದು, ಲೈಸೆನ್ಸ್ ನಂದು. ನಿಮ್ಮಣ್ಣಾ ಬಿಸಲಾಗ ಕಂಬಾ ಹಿಡಕೊಂಡು ನಿಂತು ನನ್ನ ಕಡಿಂದ ತಂತಿ ಕಟ್ಟಿಸ್ಯಾರ. ಅವರ ಹೆಸರ್ಲೆ ನನ್ನ ಕಿವಿ ಮುಚ್ಚಬ್ಯಾಡ್ರಿ."

ಕಾಕು ಪ್ಲಗ್ಗು ಕಿತ್ತೇಬಿಟ್ಟರು. ಮೈದುನ ಮುಖ ತಿರುಗಿಸಿಕೊಂಡರು. ಸೆಟ್ಟಿನೊಳಗಿಂದ ತೆಳ್ಳನೆಯ ಹೆಣ್ಣುದನಿಯೊಂದು ಕಾಕುವನ್ನು ಮತ್ತೆ ಮತ್ತೆ ಕರೆಯುತ್ತಿತ್ತು. ಎಷ್ಟು ವಾರದಿಂದ ಹಾಗೆ ಕರೆಯುತ್ತಿದ್ದರೋ... ಕಾಕು ಅಳುತ್ತಲೇ ಉತ್ತರ ಕೊಟ್ಟರು. ಬಳಗದವರು ಆಡಿಕೊಂಡರು. ಆ ದೀಪ ಮಾತ್ರ ಮತ್ತೆ ಹತ್ತಲಿಲ್ಲ.

ಕಾಕು ಈಗಿಲ್ಲ. ಅವರು ಹೋದದ್ದೇ ತಡ, ಮೈದುನರು ಕಂಬವನ್ನು ಇಳಿಸಿ ಗುಜರಿಗೆ ಹಾಕಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಹಟಕ್ಕೆ ಬಿದ್ದು ನಾನೂ ಪರೀಕ್ಷೆ ಬರೆದೆ, ಹುಬ್ಬಳ್ಳಿಯ ನಮ್ಮ ಮಾಳಿಗೆಯ ಮೇಲೆ ಕಂಬ ನೆಟ್ಟೆ. "ಹೆಣ್ಣಮಕ್ಕಳಿಗೆ ಇದೆಲ್ಲಾ ಯಾಕ ಬೇಕ್ರಿ?" ಎಂದು ಓಣಿಯವರು ಕೇಳುತ್ತಾರೆ. ನನಗೆ ಬೇಕು, ಅಷ್ಟೇ.

ಹೋದ ರವಿವಾರ ಲಕ್ಷದ್ವೀಪದ ಆ ಗೆಳತಿ ರೇಡಿಯೋದಲ್ಲಿ ಸಿಕ್ಕರು. ಧಾರವಾಡದ ತಮ್ಮ ಗೆಳತಿ ಯಾಕೆ ಉತ್ತರ ಕೊಡುತ್ತಿಲ್ಲ ಎಂದು ಕೇಳಿದರು. ಹೇಳಿದೆ. ಅವರು ಅಳುವುದು ಸ್ಪಷ್ಟವಾಗಿ ಕೇಳಿಸಿತು.